ದಂಡಿ ಕಟ್ಟುವವಳ ಉಡಿ

ನಮ್ಮ ಓಣಿಯ ಹೆಂಗಸರು ಈಗಲೂ ಆಕೆಯನ್ನು ಬಾಯಿತುಂಬ ಹೊಗಳುತ್ತಾರೆ. ಯಾರದಾದರೂ ಮದುವೆಯಲ್ಲಿ ಬಾಡಿಗೆಯ ಥರ್ಮಾಕೋಲು, ಪ್ಲಾಸ್ಟಿಕ್ ಗುಲಾಬಿ ಕಣ್ಣಿಗೆ ಬಿದ್ದರೆ ಸಾಕು, "ಆಕಿ ಇರಬೇಕಿತ್ತು ನೋಡ್ರಿ, ಅಂಥಾ ಕೈ ಇನ್ನ ಹುಟ್ಟೂದಿಲ್ಲ" ಎಂದು ಒಬ್ಬಳು ಶುರು ಮಾಡುತ್ತಾಳೆ. ಉಳಿದವರು ಲೊಚಗುಟ್ಟುತ್ತಾರೆ. ತವರಿಗೆ ಹೋದಾಗಲೆಲ್ಲ ನಾನು ಇದನ್ನು ಕೇಳಿಸಿಕೊಳ್ಳಬೇಕು, ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಎದ್ದು ಒಳಗೆ ಹೋಗಿ ನೀರು ಕುಡಿದು ಬರುತ್ತೇನೆ. ಏನಾದರೂ ಅಂದುಬಿಡೋಣವೆಂದರೆ ಅನ್ನುವ ಬಾಯಿ ನನಗೂ ಇಲ್ಲ. ಏಕಿಲ್ಲ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಕೆಯನ್ನು ನಾನು ಚಿಗವ್ವ ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನಲ್ಲ. ಇಳಕಲ್ಲಿನಲ್ಲಿ ನಮ್ಮದು ನೇಕಾರರ ಓಣಿ, ನಮ್ಮ ಮನೆ ಬಿಟ್ಟು ಮೂರನೆಯದು ಆಕೆಯ ಮನೆ. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ ಗಂಡ ಪವರ್‌ಲೂಮಿನ ಕೆಲಸಕ್ಕೆಂದು ಇಚಲಕರಂಜಿಗೆ ಹೋದ. ಮೊದಲ ವರ್ಷ ಎರಡು ಸಲ ಬಂದು ಹೋದ, ಆಮೇಲೆ ಮುಖ ತೋರಿಸಲಿಲ್ಲ. ಅಲ್ಲೊಂದು ಸಂಸಾರ ಹೂಡಿದ್ದಾನೆ ಎಂದು ಕೆಲವರು, ಯಾವುದೋ ಲಾರಿಗೆ ಸಿಕ್ಕಿ ಸತ್ತನಂತೆ ಎಂದು ಇನ್ನು ಕೆಲವರು. ಮನೆಯ ಮಗ್ಗ ನಿಂತಿತು. ಚಿಗವ್ವ ಬೇರೆಯವರ ಮಗ್ಗಗಳಿಗೆ ಕಂಡಿಕೆಗೆ ನೂಲು ಸುತ್ತಿ ಕೊಟ್ಟು, ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿ ಮಗಳನ್ನು ಸಾಕಿದಳು. ಹಣೆಯ ಮೇಲೆ ಕಾಸಿನಗಲದ ಕುಂಕುಮ, ಕೊರಳಲ್ಲಿ ತಾಳಿ. ಗಂಡನ ವಿಷಯ ಯಾರಾದರೂ ಎತ್ತಿದರೆ, "ಅಂವಾ ಹೊಟ್ಟಿಪಾಡಿಗೆ ಹೋಗ್ಯಾನ" ಎಂದಷ್ಟೇ ಹೇಳಿ ಕಂಡಿಕೆ ತಿರುಗಿಸುತ್ತಿದ್ದಳು.

ಆಕೆಯ ಹೆಸರು ಓಡುತ್ತಿದ್ದದ್ದು ಮಾತ್ರ ಹೂವಿನ ಕೆಲಸದಿಂದ. ನಮ್ಮಲ್ಲಿ ಮದುವೆಯ ಹಿಂದಿನ ದಿನ ಮದುಮಗಳನ್ನು ಮಣೆಯ ಮೇಲೆ ಕೂಡಿಸಿ, ಅರಿಶಿಣ ಹಚ್ಚಿ, ಹಸಿರು ಬಳೆ ಇಡಿಸಿ, ತಲೆಗೆ ಹೂವಿನ ದಂಡಿ ಕಟ್ಟುತ್ತಾರೆ. ಓಣಿಯ ಹೆಂಗಸರೆಲ್ಲ ಸೇರುವ ಕಾರ್ಯ ಅದು; ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ದಂಡಿ, ಜಡೆಯ ಹೂ, ತೋಳಿನ ಹೂ, ಮಣೆಯ ಹಿಂದಿನ ಗೋಡೆಯ ಅಲಂಕಾರ ಎಲ್ಲ ಚಿಗವ್ವನದೇ. ಪೇಟೆಯಿಂದ ಕಟ್ಟಿದ ಹಾರ ತರುವುದೆಂದರೆ ಆಕೆಗೆ ಆಗುತ್ತಿರಲಿಲ್ಲ. ಬಿಡಿ ಹೂ ತರಿಸಿ ಮೊರದಲ್ಲಿ ಹರವಿ, ಮಗ್ಗದಲ್ಲಿ ಉಳಿದ ರೇಷ್ಮೆಯ ತುಂಡೆಳೆಗಳನ್ನು ಹುರಿಮಾಡಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಕಟ್ಟಲು ಕೂತಳೆಂದರೆ ಮಧ್ಯಾಹ್ನದ ಊಟಕ್ಕೂ ಏಳುತ್ತಿರಲಿಲ್ಲ. ಹೂವಿನ ತೊಟ್ಟು ಚಿವುಟಲೆಂದೇ ಎಡಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದಳು. ನಾವು ಹುಡುಗಿಯರು ಮೊರದ ಹತ್ತಿರ ಮೂಗು ತಂದರೆ ಅದೇ ಉಗುರಿನಿಂದ ಕೈಗೆ ಚಿವುಟುತ್ತಿದ್ದಳು.

"ಮೂಸಿದ ಹೂ ಮದುಮಗಳಿಗೆ ಮುಡಸ್ತೀರೇನು? ದೂರ ಸರೀರಿ!"

ಮಲ್ಲಿಗೆಯನ್ನು ಮೊಗ್ಗಿನಲ್ಲೇ ಕಟ್ಟುತ್ತಿದ್ದಳು. ಹೊತ್ತು ಇಳಿಯುವಾಗ ಮದುಮಗಳು ಮಣೆಯ ಮೇಲೆ ಕೂತಿರುತ್ತಿದ್ದಳು, ನೋಡನೋಡುತ್ತ ತಲೆಯ ಮೇಲಿನ ಮೊಗ್ಗುಗಳು ಬಿರಿಯುತ್ತಿದ್ದವು. "ಹೂ ಮೊರದಾಗ ಅರಳಬಾರದು, ತಲೀಮ್ಯಾಲ ಅರಳಬೇಕು" ಎನ್ನುತ್ತಿದ್ದಳು. ಗೋಡೆಗೆ ಒಂದು ಇಳಕಲ್ ಸೀರೆ ಇಳಿಬಿಟ್ಟು, ಅದರ ಮೇಲೆ ಅಬ್ಬಲಿಗೆ, ಶಾವಂತಿಗೆ, ಮರಗವನ್ನು ಜಾಲಿಮುಳ್ಳಿನಿಂದ ಚುಚ್ಚಿ ನಿಲ್ಲಿಸುತ್ತಿದ್ದಳು. ಗುಂಡುಪಿನ್ನು ತಂದುಕೊಟ್ಟರೆ ಸೀರೆಗೆ ಜಂಗು ಹಿಡಿಯುತ್ತದೆಂದು ಬಿಸಾಡುತ್ತಿದ್ದಳು. ದಂಡಿಯ ಎರಡು ಭಾಗಗಳನ್ನು ಹಿಂದಲೆಯಲ್ಲಿ ಸೆರಗು ಕೂಡಿಸುವ ಹಾಗೆಯೇ ಕೊಂಡಿ ಹಾಕಿ ಜೋಡಿಸುತ್ತಿದ್ದಳು. ಕಾರ್ಯ ಮುಗಿದ ಮೇಲೆ ಒಂದೆಳೆ ಎಳೆದರೆ ಇಡೀ ದಂಡಿ ಒಂದು ಕೂದಲೂ ಕೀಳದೆ ಕೈಗೆ ಬರುತ್ತಿತ್ತು. ಆ ಕೊಂಡಿಯನ್ನು ಬೇರೆ ಯಾರೂ ಕಲಿಯಲಿಲ್ಲ. ಹೇಗೂ ಚಿಗವ್ವ ಇದ್ದಾಳಲ್ಲ ಎಂದು ಎಲ್ಲರಿಗೂ ನೆಮ್ಮದಿ.

ಇದಕ್ಕೆಲ್ಲ ಆಕೆ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಗೆ ಮುತ್ತೈದೆಯರಿಗೆ ಉಡಿ ತುಂಬುವಾಗ ದಂಡಿ ಕಟ್ಟಿದವಳಿಗೆ ಮೊದಲ ಉಡಿ, ಅದೇ ರೂಢಿ. ಸೆರಗನ್ನು ಮುಂದಕ್ಕೆ ಒಡ್ಡಿದರೆ ಅದರಲ್ಲಿ ಅಕ್ಕಿ, ಒಂದು ಕಾಯಿ, ಉತ್ತತ್ತಿ, ಅರಿಶಿಣದ ಕೊಂಬು, ಮೇಲೊಂದು ಗುಳೇದಗುಡ್ಡದ ಖಣ, ಎಂದರೆ ರವಿಕೆಯ ಬಟ್ಟೆ, ಹಾಕುತ್ತಾರೆ. ಗಂಡನಿರುವ ಹೆಂಗಸಿಗೆ ಮಾತ್ರ ಸಲ್ಲುವ ಮರ್ಯಾದೆ ಅದು. ತೊಡಕು ಶುರುವಾದದ್ದೇ ಅಲ್ಲಿ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸೋದರತ್ತೆಯ ಮದುವೆ. ಚಿಗವ್ವನ ಗಂಡ ಬರದೆ ಆಗ ಮೂರು ವರ್ಷ. ಉಡಿ ತುಂಬುವ ಹೊತ್ತಿಗೆ ಹಿರಿಯ ಹೆಂಗಸರು ಅಡುಗೆಮನೆಯಲ್ಲಿ ಗುಸುಗುಸು ಹಚ್ಚಿದರು. "ಅಂವಾ ಅದಾನೋ ಇಲ್ಲೋ ಯಾರಿಗೆ ಗೊತ್ತು? ನಾಳೆ ಇಲ್ಲ ಅಂತ ಗೊತ್ತಾದ್ರ, ತುಂಬಿದ ಕೈಗೆ ಏನ ಗತಿ?" ಹಾಗೆಂದು ಬೆಳಗಿನಿಂದ ಕೂತು ಕಟ್ಟಿದವಳನ್ನು ಬರಿಗೈಲಿ ಕಳಿಸಲೂ ಆಗದು, ನಾಳೆ ತಮ್ಮ ಮಗಳಿಗೆ ದಂಡಿ ಕಟ್ಟುವವರು ಯಾರು? ಆಗ ದಾರಿ ಹುಡುಕಿದವಳು ನನ್ನ ಅವ್ವ. ಒಳಗಿನಿಂದ ಒಂದು ಅರಿವೆಯ ಚೀಲ ತಂದಳು. ಅಕ್ಕಿ, ಕಾಯಿ, ಉತ್ತತ್ತಿ, ಖಣ ಏನೂ ಕಡಿಮೆಯಿಲ್ಲದೆ ಅದರಲ್ಲಿ ತುಂಬಿ, ಬಾಯಿ ಕಟ್ಟಿ, ಚಿಗವ್ವನ ಕೈಗೆ ಕೊಟ್ಟಳು.

"ಕೆಲಸಗೇಡು ಆಗತೈತಿ, ಸೆರಗ ಯಾಕ ಒಡ್ಡತಿ? ಇದರಾಗ ಒಯ್ಯವ್ವಾ" ಅಂದಳು.

ಚಿಗವ್ವ ಅರ್ಧ ಒಡ್ಡಿದ್ದ ಸೆರಗನ್ನು ಹಿಂದಕ್ಕೆ ಎಳೆದುಕೊಂಡು ಸೊಂಟಕ್ಕೆ ಸಿಕ್ಕಿಸಿ ಚೀಲ ತೆಗೆದುಕೊಂಡಳು. ಆಕೆ ಹೋದ ಮೇಲೆ ಅವ್ವ ಎಲ್ಲರ ಮುಖ ನೋಡಿ, "ಆಕಿಗೂ ಬ್ಯಾಸರ ಆಗಬಾರದು, ನಮಗೂ ಅಪಶಕುನ ಆಗಬಾರದು" ಎಂದಳು. ಎಷ್ಟು ಜಾಣೆ ಎಂದು ಎಲ್ಲರೂ ತಲೆದೂಗಿದರು. ಅಂದಿನಿಂದ ಅದೇ ಪದ್ಧತಿ ಆಯಿತು. ಯಾರ ಮನೆಯ ಕಾರ್ಯವಿದ್ದರೂ ದಂಡಿಗೆ ಹೂ ತರಿಸುವಾಗಲೇ ಚಿಗವ್ವನಿಗೊಂದು ಚೀಲವನ್ನೂ ತೆಗೆದಿಡುತ್ತಿದ್ದರು.

ಹುನಗುಂದದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರತೊಡಗಿದ ಮೇಲೆ ನನಗೆ ಬಾಯಿ ಬಂತು. ಇದೆಲ್ಲ ಅನ್ಯಾಯ ಎಂದು ಮನೆಯಲ್ಲಿ ಭಾಷಣ ಬಿಗಿಯುತ್ತಿದ್ದೆ. ಅವ್ವ, "ಮೊದಲ ರೊಟ್ಟಿ ಬಡಿಯೂದು ಕಲಿ" ಎನ್ನುತ್ತಿದ್ದಳು. ಒಂದು ದಿನ ಚಿಗವ್ವನ ಮುಂದೆ ಕೂತು ಅಬ್ಬಲಿಗೆ ಆರಿಸಿ ಕೊಡುತ್ತಿದ್ದೆ. ಯಾರೋ ಹುಡುಗಿಯ ಕಾರ್ಯ. ಆ ಮನೆಯ ಹೊಸ್ತಿಲ ಪಕ್ಕದಲ್ಲಿ ಚೀಲ ಆಗಲೇ ಸಿದ್ಧವಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಚಿಗವ್ವಾ, ನನ್ನ ಕಾರ್ಯದಾಗ ನಿನಗ ಚೀಲ ಗೀಲ ಇಲ್ಲ. ನಾನs ನನ್ನ ಕೈಲೆ ನಿನ್ನ ಉಡಿ ತುಂಬ್ತೇನಿ. ಎಲ್ಲಾರ ಮುಂದ."

ಆಕೆಯ ಕೈ ನಿಂತಿತು. ನನ್ನನ್ನು ನೋಡಿದಳು. "ಖರೇನ?" ಎಂದಳು.

"ಖರೇನs."

"ನಿನ್ನ ದಂಡಿಗೆ ಒಂದೂ ಅರಳಿದ ಹೂ ಹಾಕೂದಿಲ್ಲ ನೋಡು" ಎಂದು ಮತ್ತೆ ಎಳೆ ಎಳೆದಳು. ಅಷ್ಟೇ ಮಾತು. ಆದರೆ ಆ ದಿನದಿಂದ ನನ್ನನ್ನು ಕಂಡರೆ ಆಕೆಯ ಮುಖ ಬೇರೆಯಾಗುತ್ತಿತ್ತು. ನನಗೆ ವರ ನೋಡಲು ಯಾರಾದರೂ ಬಂದರೆಂದು ಗೊತ್ತಾದರೆ ಅವ್ವನಿಗಿಂತ ಹೆಚ್ಚಾಗಿ ಆಕೆಯೇ ವಿಚಾರಿಸುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನನ್ನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಬಾಗಲಕೋಟೆಯವರು. ಬಳೆ ಇಡಿಸುವ ದಿನವೇ ಅತ್ತೆ, ನಾದಿನಿಯರು, ಅವರ ಕಡೆಯ ಏಳೆಂಟು ಹೆಂಗಸರು ಬಂದಿಳಿದರು. ಚಿಗವ್ವ ಹಿಂದೆಂದೂ ಕಟ್ಟದಂಥ ದಂಡಿ ಕಟ್ಟಿದ್ದಳು. ಮೊಗ್ಗಿನ ನಡುವೆ ಮರಗದ ಕುಡಿ ಇಟ್ಟು ತೆರೆ ತೆರೆಯಾಗಿ ಏರಿಸಿದ್ದಳು. ಗೋಡೆಗೆ ತನ್ನ ಮದುವೆಯ ಸೀರೆಯನ್ನೇ ತಂದು ಇಳಿಬಿಟ್ಟಿದ್ದಳು. ಬಾಗಲಕೋಟೆಯ ಹೆಂಗಸರು ಹತ್ತಿರ ಹೋಗಿ ಮುಟ್ಟಿ ನೋಡಿದರು. ಅತ್ತೆ, "ಯಾರ ಮಾಡ್ಯಾರ್ರೀ ಇದನ್ನ?" ಎಂದು ಕೇಳಿದರು. ಅವ್ವ, "ನಮ್ಮ ಓಣ್ಯಾಗ ಒಬ್ಬಾಕಿ ಅದಾಳ್ರಿ" ಎಂದು ಮಾತು ತೇಲಿಸಿದಳು.

ಉಡಿಯ ಹೊತ್ತು ಬಂತು. ಚಿಗವ್ವ ಅಂದು ಹೊಸ ಸೀರೆ ಉಟ್ಟಿದ್ದಳು. ಚೀಲದ ಪದ್ಧತಿ ಶುರುವಾದ ಮೇಲೆ ಹೆಂಗಸರ ಸಾಲಿನಲ್ಲಿ ಎಂದೂ ನಿಲ್ಲದವಳು ಬಂದು ಮೊದಲಿಗೆ ನಿಂತಳು. ಅವ್ವ ನನ್ನ ಕಿವಿಯಲ್ಲಿ, "ಬೀಗರು ನೋಡಾಕತ್ತಾರ, ಆಮ್ಯಾಲ ಆಕಿ ಗಂಡ ಎಲ್ಲಿ ಅಂತ ಕೇಳಿದ್ರ ನಿನ್ನ ಬಾಳಿಗೆ ಕಲ್ಲು ಬೀಳತೈತಿ" ಎಂದು ಹೇಳಿ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ಚಿಗವ್ವ ಸೆರಗು ಒಡ್ಡಿದಳು, ಅರ್ಧವಲ್ಲ, ಪೂರ್ತಿ. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಬಾಗಿ ನಿಂತಳು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ನನ್ನ ಕಡೆಯೇ ನೋಡುತ್ತಿದ್ದರು, ಸುಮ್ಮನೆ, ಎಲ್ಲರೂ ಮದುಮಗಳನ್ನು ನೋಡುವ ಹಾಗೆ. ಅಷ್ಟಕ್ಕೇ ಚೀಲದ ಬಾಯಿ ಅಗಲಿಸಿದೆ. ಬದನೆಬಣ್ಣದ ಖಣವನ್ನು ಚೀಲಕ್ಕೆ ಹಾಕಿದೆ, ಕಾಯಿ ಹಾಕಿದೆ, ಅಕ್ಕಿ ಹಾಕಿದೆ, ಬಾಯಿ ಕಟ್ಟಿ ಕೊಟ್ಟೆ.

ಆಕೆ ಒಂದು ಗಳಿಗೆ ಸೆರಗು ಹಿಡಿದುಕೊಂಡೇ ಇದ್ದಳು. ಆಮೇಲೆ ಅದನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿದಳು.

"ಮೊಗ್ಗಿ ಬಿರಿಯಾಕತ್ತಾವ, ಲಗೂ ಫೋಟೋ ತಗೀರಿ" ಎಂದು ಫೋಟೋದವನಿಗೆ ಹೇಳಲು ಹೊರಗೆ ಹೋದಳು. ಮತ್ತೆ ಒಳಗೆ ಬರಲಿಲ್ಲ. ದಂಡಿಯ ಕೊಂಡಿ ಬಿಚ್ಚುವುದು ಯಾರಿಗೂ ಗೊತ್ತಾಗದೆ ನಾದಿನಿ ಕತ್ತರಿಯಿಂದ ಕತ್ತರಿಸಿ ತೆಗೆದಳು.

ಈಗಲೂ ಆ ಫೋಟೋ ಇದೆ. ನಾನು ಚೆಂದ ಕಾಣುತ್ತೇನೆ. ನನ್ನ ಮುಖ ನೋಡಿದರೆ ಏನೋ ತಪ್ಪು ಮಾಡಿದವಳೆಂದು ಯಾರೂ ಹೇಳಲಾರರು.

ಆಮೇಲೆ ಬಾಗಲಕೋಟೆ, ಮನೆ, ಸಾಲಿಯಲ್ಲಿ ಕಲಿಸುವ ಕೆಲಸ, ಮಗು. ಊರಿಗೆ ಹೋದಾಗ ಚಿಗವ್ವನ ಮನೆಯ ಮುಂದೆ ಬೇಗ ಬೇಗ ದಾಟುತ್ತಿದ್ದೆ. ಆಕೆ ಮಾತ್ರ ಬಾಗಿಲಿಗೆ ಬಂದು, "ಯಾವಾಗ ಬಂದಿ ತಂಗಿ? ಕೂಸು ಹ್ಯಾಂಗ ಐತಿ?" ಎಂದು ಮೊದಲಿನ ಹಾಗೆಯೇ ಕೇಳುತ್ತಿದ್ದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ. ಓಣಿಯ ಕಾರ್ಯಗಳಿಗೂ ಹೋಗುತ್ತಲೇ ಇದ್ದಳು, ದಂಡಿ ಕಟ್ಟುತ್ತಲೇ ಇದ್ದಳು, ಚೀಲ ತರುತ್ತಲೇ ಇದ್ದಳು.

ಏಳು ವರ್ಷಗಳ ನಂತರ ಆಕೆಯ ಮಗಳ ಮದುವೆ ಕೂಡಿಬಂತು. ಹುನಗುಂದದ ಹುಡುಗ. ಕರೆಯಲು ಚಿಗವ್ವ ತಾನೇ ಬಾಗಲಕೋಟೆಗೆ ಬಂದಿದ್ದಳು. "ಮಗಳಿಗೆ ಉಡಿ ತುಂಬೋ ಐದು ಮಂದ್ಯಾಗ ನೀನೂ ಒಬ್ಬಾಕಿ. ತಪ್ಪಸಬ್ಯಾಡ" ಎಂದಳು. ನನಗೆ ಆಗ ಎರಡನೆಯ ಬಸಿರು, ಐದು ತಿಂಗಳು. ಒಬ್ಬಳನ್ನೇ ಕಳಿಸಲು ಮನಸ್ಸಿಲ್ಲದೆ ಅತ್ತೆಯೂ ಜೊತೆಗೆ ಬಂದರು.

ಹೋಗುವಾಗ ದಾರಿಯುದ್ದಕ್ಕೂ ನಾನು ಯೋಚಿಸುತ್ತಿದ್ದದ್ದು ಹೂವನ್ನೇ. ಊರಿಗೆಲ್ಲ ಕಟ್ಟಿದವಳು ತನ್ನ ಮಗಳಿಗೆ ಇನ್ನೆಂಥದ್ದು ಕಟ್ಟಿರುತ್ತಾಳೋ ಎಂದು. ಒಳಗೆ ಕಾಲಿಟ್ಟರೆ ಹೂವಿನ ಪರಿಮಳವೇ ಇಲ್ಲ. ಮನೆಯಲ್ಲಿ ಒಂದೇ ಒಂದು ಹಸಿ ಹೂ ಇರಲಿಲ್ಲ. ಮಣೆಯ ಹಿಂದಿನ ಗೋಡೆ ಮಾತ್ರ ಮೇಲಿಂದ ಕೆಳಗಿನವರೆಗೆ ತುಂಬಿಹೋಗಿತ್ತು. ಹಸಿರು, ಕೆಂಪು, ಅರಿಶಿಣ, ನೀಲಿ, ಗಿಣಿಬಣ್ಣ. ನೂರಾರು ಹೂಗಳು, ಎಲ್ಲ ಅರಿವೆಯವು. ಬಟ್ಟೆಯನ್ನು ದುಂಡಗೆ ಕತ್ತರಿಸಿ, ಅಂಚಿಗೆ ದಾರ ಪೋಣಿಸಿ ಎಳೆದು ಎಸಳು ಮಾಡಿದ್ದಳು. ನಡುವೆ ಒಂದು ಮಣಿ. ಖಣದ ಅಂಚುಗಳನ್ನೇ ಮಡಿಚಿ ಎಲೆ. ಮದುಮಗಳ ತಲೆಯ ದಂಡಿಯೂ ಅದರದೇ. ಎಲ್ಲವೂ ಜಾಲಿಮುಳ್ಳಿನಲ್ಲಿ ನಿಂತಿದ್ದವು.

ನೋಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಗೋಡೆಯ ಹತ್ತಿರ ಸರಿದರು. ನೇಕಾರರ ಓಣಿಯ ಹೆಂಗಸರಿಗೆ ಬಟ್ಟೆಯ ಗುರುತು ಹತ್ತದೆ ಇರುತ್ತದೆಯೇ? ಯಾವ ಬಣ್ಣಕ್ಕೆ ಯಾವ ಅಂಚಿನ ಖಣವನ್ನು ಯಾರ ಕಾರ್ಯದಲ್ಲಿ ಕೊಟ್ಟಿದ್ದೆವು ಎಂಬುದು ಎಲ್ಲರಿಗೂ ನೆನಪಿರುತ್ತದೆ. ಇಷ್ಟು ವರ್ಷ ಚೀಲದಲ್ಲಿ ಹಾಕಿ ಕೊಟ್ಟ ಖಣಗಳಲ್ಲಿ ಒಂದನ್ನೂ ಆಕೆ ಹೊಲಿಸಿ ತೊಟ್ಟಿರಲಿಲ್ಲ. ಎಲ್ಲವನ್ನೂ ಕತ್ತರಿಸಿ ನಮ್ಮೆದುರಿಗೆ ಗೋಡೆಗೆ ಚುಚ್ಚಿದ್ದಳು. ನನ್ನ ಅವ್ವ ಕೆಂಪಂಚಿನ ಹಸಿರು ಹೂವೊಂದರ ಮುಂದೆ ಬಹಳ ಹೊತ್ತು ನಿಂತಳು. ಸೋದರತ್ತೆಯ ಮದುವೆಯಲ್ಲಿ ಮೊದಲ ಚೀಲಕ್ಕೆ ಹಾಕಿದ್ದು ಅದೇ.

"ಭಾಳ ಚಂದ ಮಾಡೀದಿ ಬಿಡವ್ವಾ" ಎಂದಳು ಕೊನೆಗೆ.

"ನಂದೇನೈತ್ರಿ ಅಕ್ಕಾರ, ಎಲ್ಲಾ ನಿಮ್ಮ ಮನೀದs" ಎಂದಳು ಚಿಗವ್ವ. ಆ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ನಗುವೂ ಇರಲಿಲ್ಲ. ಬಂದವರೆಲ್ಲ ಗುರುತು ಹತ್ತದವರಂತೆ ನಟಿಸಿ ಹೊಗಳತೊಡಗಿದರು. ಐವರು ಮಗಳ ಉಡಿ ತುಂಬಿದೆವು. ಹೆತ್ತ ತಾಯಿ ಬಾಗಿಲ ಬಳಿ ನಿಂತು ನೋಡಿದಳು. ನೀನೂ ಬಾ ಎಂದು ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ.

ನಾನು ಗೋಡೆಯ ಮೇಲೆ ಬದನೆಬಣ್ಣ ಹುಡುಕುತ್ತಿದ್ದೆ. ಎಲ್ಲೂ ಕಾಣಲಿಲ್ಲ. ಊಟಕ್ಕೆ ಎಲೆ ಹಾಕುವಾಗ ಅಡುಗೆಮನೆಯಲ್ಲಿ ಆಕೆ ಒಬ್ಬಳೇ ಸಿಕ್ಕಳು.

"ನಂದು ಎಲ್ಲಿ ಚಿಗವ್ವಾ?"

"ನಿಂದು ಟ್ರಂಕಿನಾಗ ಐತಿ. ಅದನ್ನ ಕತ್ತರಿಸಲಿಲ್ಲ."

"ಯಾಕ?"

"ನೀ ಮಾತು ಕೊಟ್ಟಿದ್ದಿಯಲ್ಲ ತಂಗಿ" ಎಂದಳು. "ಒಂದಲ್ಲ ಒಂದಿನ ತುಂಬ್ತಾಳ ಅಂತ ಹಂಗs ಇಟ್ಟೇನಿ."

ಪಕ್ಕದಲ್ಲೇ ತಟ್ಟೆ ಇತ್ತು. ಅದರಲ್ಲಿ ಅಕ್ಕಿ ಉಳಿದಿತ್ತು, ಕಾಯಿ ಇತ್ತು, ಉತ್ತತ್ತಿ ಇತ್ತು. ನೋಡುವವರು ಯಾರೂ ಇರಲಿಲ್ಲ. ಟ್ರಂಕು ತೆರೆದು ಖಣ ತೆಗೆದು ಆಕೆಯ ಸೆರಗಿಗೆ ಹಾಕಲು ಎಷ್ಟು ಹೊತ್ತು ಬೇಕಿತ್ತು? ಆದರೆ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹೊಟ್ಟೆಯಲ್ಲಿ ಕೂಸು ಇರುವಾಗ ಏನಾದರೂ ಆಗಿಬಿಟ್ಟರೆ ಎಂಬ ಹಾಳು ಭಯ. ಕಾಲೇಜು ಓದಿ, ಸಾಲಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಹೆಂಗಸು ನಾನು. "ಮುಂದಿನ ಸರ್ತಿ ಬಂದಾಗ ಖಂಡಿತ ಚಿಗವ್ವಾ" ಎಂದೆ.

ಆಕೆ ನನ್ನ ಕೈ ಎಲ್ಲಿದೆ ಎಂಬುದನ್ನು ನೋಡಿದಳು. "ಆತು. ಊಟಕ್ಕ ಕುಂದರು ನಡಿ, ಎರಡು ಜೀವದಾಕಿ" ಎಂದಳು.

ಮುಂದಿನ ಸರ್ತಿ ಬಂದದ್ದು ನಾಲ್ಕು ವರ್ಷ ಬಿಟ್ಟು. ನಡುವೆ ಹೋಗಲಿಲ್ಲವೆಂದಲ್ಲ, ಹೋದಾಗಲೆಲ್ಲ ಒಂದಿಲ್ಲೊಂದು ನೆಪ. ಒಂದು ಬೆಳಿಗ್ಗೆ ಅವ್ವ ಫೋನು ಮಾಡಿದಳು. ಮೂರು ದಿನದ ಜ್ವರವಂತೆ, ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತಂತೆ. ಸಿಕ್ಕ ಬಸ್ಸು ಹಿಡಿದು ಹೋದೆ.

ಹೋಗಿ ನೋಡಿದರೆ ಚಿಗವ್ವನ ಹೆಣವನ್ನು ನಮ್ಮಲ್ಲಿಯ ರೂಢಿಯಂತೆ ಗೋಡೆಗೆ ಆನಿಸಿ ಕೂಡಿಸಿದ್ದರು. ಬಾಗಿಲ ಹೊರಗೆ ಕಟ್ಟೆಯ ಮೇಲೆ ಒಬ್ಬ ಮುದುಕ ತಲೆ ತಗ್ಗಿಸಿ ಕೆಮ್ಮುತ್ತ ಕೂತಿದ್ದ. ಆಕೆಯ ಗಂಡ. ಇಚಲಕರಂಜಿಯಿಂದ ಬಂದಿದ್ದ. ಜ್ವರ ಏರಿದ ದಿನವೇ ಮಗಳು ತಿಳಿಸಿದ್ದಳಂತೆ. ವಿಳಾಸ ಎಲ್ಲಿಯದು ಎಂದು ಓಣಿಯವರು ಕೇಳಿದ್ದಕ್ಕೆ, ತನ್ನ ತಾಯಿಯ ಟ್ರಂಕಿನಲ್ಲಿ ಆತನ ಕಾಗದಗಳಿದ್ದವು ಎಂದಳು. ವರ್ಷಕ್ಕೊಂದು ಬರುತ್ತಿತ್ತಂತೆ. ಆತ ಬದುಕಿದ್ದಾನೆಂದು ಚಿಗವ್ವನಿಗೆ ಮೊದಲಿನಿಂದಲೂ ಗೊತ್ತಿತ್ತು. ಒಂದು ಕಾಗದ ತಂದು ತೋರಿಸಿದ್ದರೆ ಅಂದೇ ಎಲ್ಲರೂ ಸೆರಗು ತುಂಬುತ್ತಿದ್ದರು.

"ನಾನೂ ಹೇಳಿದ್ದೆ, ತೋರಿಸು ಅಂತ" ಎಂದಳು ಮಗಳು ನನಗೆ. "ಹತ್ತು ವರ್ಷ ಅವರ ಮನೀ ಹೆಣ್ಣಮಕ್ಕಳಿಗೆ ಹೂ ಕಟ್ಟೇನಿ, ಈಗ ಕಾಗದ ಹಿಡಕೊಂಡು ಹೋಗಿ ಉಡಿ ಬೇಡಬೇಕೇನು ಅಂದ್ಲು."

ಕಟ್ಟೆಯ ಮೇಲಿನ ಆ ಮುದುಕನನ್ನು ಕಂಡದ್ದೇ ತಡ, ಹೆಂಗಸರ ದನಿಯೇ ಬದಲಾಗಿತ್ತು. "ಮುತ್ತೈದಿ ಆಗಿ ಹ್ವಾದ್ಲು, ಪುಣ್ಯಾ ಮಾಡಿದಾಕಿ" ಎಂದು ಅತ್ತರು. ಮುತ್ತೈದೆಯಾಗಿ ಸತ್ತವಳ ಉಡಿ ತುಂಬಿದರೆ ತುಂಬಿದವರಿಗೆ ಒಳ್ಳೆಯದಾಗುತ್ತದೆ ಎಂಬುದು ನಮ್ಮಲ್ಲಿಯ ನಂಬಿಕೆ. ಮನೆಮನೆಗೆ ಓಡಿ ಖಣ ತಂದರು, ಕಾಯಿ ತಂದರು. ಯಾರೋ ಪೇಟೆಯಿಂದ ಬುಟ್ಟಿ ಹೂ ತರಿಸಿದರು. ಮುತ್ತೈದೆಗೆ ದಂಡಿ ಬೇಕಲ್ಲ? ಆಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿದ್ದ ಪ್ರತಿಯೊಬ್ಬಳ ತಲೆಗೋ ಅವಳ ಮಗಳ ತಲೆಗೋ ಚಿಗವ್ವ ದಂಡಿ ಕಟ್ಟಿದ್ದಳು; ಕಟ್ಟಲು ಬರುವವರು ಒಬ್ಬರೂ ಇರಲಿಲ್ಲ.

ನಾನು ಕೂತೆ. ಎಳೆಯನ್ನು ಹೆಬ್ಬೆರಳಿಗೆ ಸುತ್ತಿದೆ. ಪೇಟೆಯ ಹೂ, ಎಲ್ಲ ಅರಳಿ ಬಾಡಲು ಬಂದಿದ್ದವು. ಗಂಟು ಜಾರುತ್ತಿತ್ತು, ಎಸಳು ಉದುರುತ್ತಿದ್ದವು. ಎರಡು ತುದಿ ಕೂಡಿಸುವ ಕೊಂಡಿ ಎಷ್ಟು ಮಾಡಿದರೂ ಬರಲಿಲ್ಲ. ಕೊನೆಗೆ ಸಾದಾ ಗಂಟು ಬಿಗಿದೆ. "ಇರಲಿ ಬಿಡವ್ವಾ, ಯಾರ ನೋಡ್ತಾರ" ಎಂದರು ಯಾರೋ.

ಉಡಿ ತುಂಬಲು ಸಾಲು ನಿಂತಿತು. ಮೊದಲಿಗೆ ನನ್ನ ಅವ್ವ, ಕೈಯಲ್ಲಿ ಹೊಸ ಖಣ. ಅವಳು ಹೆಣದ ಸೆರಗನ್ನು ಹರವಲು ಬಾಗುವಷ್ಟರಲ್ಲಿ ಮಗಳು ಎದ್ದಳು. ಅಲ್ಲಿಯವರೆಗೆ ಆ ಹುಡುಗಿ ಜೋರಾಗಿ ಅತ್ತಿರಲೂ ಇಲ್ಲ. ಟ್ರಂಕು ತೆರೆದು ಒಂದು ಹಳೆಯ ಅರಿವೆಯ ಚೀಲ ತಂದಳು. ತಾಯಿಯ ಮುಂದೆ ಅಡ್ಡ ಕೂತು, ಚೀಲದ ಬಾಯಿ ಅಗಲಿಸಿ ಹಿಡಿದಳು.

"ದೊಡ್ಡವ್ವಾ, ಇದರಾಗ ಹಾಕ್ರಿ. ಅವ್ವಗ ಇದs ರೂಢಿ ಐತಿ."

ಹೊರಗೆ ಮುದುಕ ಕೆಮ್ಮುತ್ತಿದ್ದ. ಆ ಹುಡುಗಿ ಚೀಲವನ್ನು ಅತ್ತಿತ್ತ ಸರಿಸಲಿಲ್ಲ, ಕಣ್ಣನ್ನೂ ಸರಿಸಲಿಲ್ಲ. ಅವ್ವ ಖಣವನ್ನು ಚೀಲದಲ್ಲಿ ಹಾಕಿದಳು. ಅವಳ ಹಿಂದಿನವಳೂ ಹಾಕಿದಳು. ಒಬ್ಬೊಬ್ಬರಾಗಿ ಎಲ್ಲರೂ ಹಾಕಿ, ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು.

ನನ್ನ ಸರದಿ ಬಂತು. ಚೀಲದೊಳಗೆ ನೋಡಿದೆ. ಅಕ್ಕಿಯ ಅಡಿಯಿಂದ ಬದನೆಬಣ್ಣದ ಒಂದು ಮೂಲೆ ಕಾಣುತ್ತಿತ್ತು, ನಾನು ಕೊಟ್ಟ ದಿನದ ಮಡಿಕೆ ಮುರಿಯದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಕೈಯಲ್ಲಿದ್ದ ಖಣವನ್ನು ಅದರ ಮೇಲೆ ಹಾಕಿದೆ.

ಚಿಗವ್ವನ ಉಡಿ ಖಾಲಿಯೇ ಹೋಯಿತು. ತಲೆಯ ಮೇಲೆ ನಾನು ಕಟ್ಟಿದ ಸೊಟ್ಟ ದಂಡಿ ಇತ್ತು.